ಬಸುರಿಗೂ ಮುಂಚಿನ ಊಟ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವೇದಿಕೆಯ ಅಧ್ಯಕ್ಷೆಯವರೆ, ಸಮಿತಿಯ ಹಿರಿಯರೆ, ಅಕ್ಕತಂಗಿಯರೆ, ಮತ್ತು ಹಿಂದಿನ ಸಾಲಿನಲ್ಲಿ ಕುಳಿತಿರುವ ನಾಲ್ಕೈದು ಜನ ಗಂಡಸರೆ. ನಿಮ್ಮನ್ನು ಬೇಕೆಂದೇ ಬೇರೆಯಾಗಿ ಕರೆದೆ. ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದವರು ಹೊರಗೆ ಕಾರಿನಲ್ಲೇ ಕುಳಿತಿರದೆ ಒಳಗೆ ಬಂದಿದ್ದೀರಿ, ಒಳ್ಳೆಯದಾಯಿತು. ಇವತ್ತಿನ ವಿಷಯದಲ್ಲಿ ಅರ್ಧ ಪಾಲು ನಿಮ್ಮದೇ.

ಮಗು ಬೇಕು ಎನ್ನುವ ದಂಪತಿಗಳ ಊಟದ ಬಗ್ಗೆ ಮಾತಾಡಬೇಕೆಂದು ವೇದಿಕೆಯವರು ಕೇಳಿದಾಗ ನಾನು ಒಂದು ವಾರ ಹೂಂ ಅಂದಿರಲಿಲ್ಲ. ನಾನು ಡಾಕ್ಟರಲ್ಲ, ಡಯಟಿಷಿಯನ್ನೂ ಅಲ್ಲ. ಕಂಪ್ಯೂಟರ್ ಸೈನ್ಸಿನಲ್ಲಿ ಎಂ.ಟೆಕ್. ಮಾಡಿಕೊಂಡು ಹಿಂಜವಡಿಯಲ್ಲಿ ಕೆಲಸ ಮಾಡುವವಳು. ಆದರೆ ನಾನು ಮತ್ತು ನಮ್ಮ ಯಜಮಾನರು ಮಗುವಿಗಾಗಿ ನಾಲ್ಕು ವರ್ಷ ಕಾದವರು. ಆ ನಾಲ್ಕು ವರ್ಷದಲ್ಲಿ ನನಗೆ ಊಟದ ಬಗ್ಗೆ ಸಲಹೆ ಕೊಡದವರು ಯಾರೂ ಉಳಿದಿಲ್ಲ. ಅದರಲ್ಲಿ ಯಾವುದು ಕಾಳು, ಯಾವುದು ಜೊಳ್ಳು ಎಂದು ಓದಿ, ನಮ್ಮ ಡಾಕ್ಟರ ಹತ್ತಿರ ಕೇಳಿ ಖಾತ್ರಿ ಮಾಡಿಕೊಂಡೆ. ಅದನ್ನಷ್ಟೇ ಇಲ್ಲಿ ಹೇಳುತ್ತೇನೆ. ಮಾತ್ರೆ, ಚಿಕಿತ್ಸೆ ಎಲ್ಲವೂ ನಿಮ್ಮ ನಿಮ್ಮ ಡಾಕ್ಟರು ಹೇಳಿದಂತೆಯೇ ಆಗಬೇಕು.

ನಮ್ಮ ಕಡೆಯ ಪದ್ಧತಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಬಸುರಿಗೆ ಬಯಕೆ ಊಟ ಇದೆ. ಕುಬಸಕ್ಕೆ ಹೋಳಿಗೆ, ಕಡಬು, ಐದು ನಮೂನೆ ಚಿತ್ರಾನ್ನ. ಬಾಣಂತಿಗೆ ಅಂಟಿನ ಉಂಡಿ, ಅಳವಿ ಪಾಯಸ, ತುಪ್ಪ ಸುರಿದ ಬಿಸಿ ಅನ್ನ. ಕೂಸಿಗೆ ಆರು ತಿಂಗಳಾದರೆ ಅನ್ನಪ್ರಾಶನ. ಎಲ್ಲದಕ್ಕೂ ಒಂದೊಂದು ಅಡುಗೆ. ಆದರೆ ಮಗು ಇನ್ನೂ ಆಗಿಲ್ಲ, ಆಗಬೇಕು ಎನ್ನುವ ಹೆಣ್ಣಿಗೆ ನಮ್ಮಲ್ಲಿ ಯಾವ ಊಟ ಇದೆ? ಊಟ ಇಲ್ಲ. ಅವಳಿಗೆ ಇರುವುದು ಉಪವಾಸ. ಸೋಮವಾರ ಒಂದು, ಗುರುವಾರ ಒಂದು, ಸಂಕಷ್ಟಿ, ಏಕಾದಶಿ, ಮೇಲೆ ಹದಿನಾರು ವಾರದ ವ್ರತ. ನನ್ನ ಪರಿಚಯದ ಒಬ್ಬ ಹುಡುಗಿ ವಾರದಲ್ಲಿ ಮೂರು ದಿನ ಸಾಬೂದಾಣಿ ಖಿಚಡಿ ಮತ್ತು ಚಹಾದ ಮೇಲೆ ಇರುತ್ತಿದ್ದಳು. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ, ನಾನೂ ದೇವರಿಗೆ ಕೈಮುಗಿಯುವವಳೇ. ಆದರೆ ಇಡೀ ಜನ್ಮದಲ್ಲಿ ಯಾವ ತಿಂಗಳುಗಳಲ್ಲಿ ಮೈಗೆ ಶಕ್ತಿ ತುಂಬಿಕೊಳ್ಳಬೇಕೋ, ಅದೇ ತಿಂಗಳುಗಳಲ್ಲಿ ಅವಳನ್ನು ಬರಿಹೊಟ್ಟೆಯಲ್ಲಿ ಇಡುತ್ತಿದ್ದೇವೆ. ನನಗೆ ಹೇಳಬೇಕಾದ್ದು ಮುಖ್ಯವಾಗಿ ಇದೇ.

ಯಾಕೆ ಮೊದಲೇ ತಿನ್ನಬೇಕು? ವೀರ್ಯಾಣು ತಯಾರಾಗಲು ಸುಮಾರು 70ರಿಂದ 75 ದಿನ ಬೇಕು, ಆಮೇಲೆ ಪಕ್ವವಾಗಲು ಇನ್ನೊಂದಿಷ್ಟು ದಿನ. ಅಂಡಾಣುಗಳ ಸಂಖ್ಯೆ ನಾವು ಹುಟ್ಟುವಾಗಲೇ ನಿಗದಿಯಾಗಿರುತ್ತದೆ ನಿಜ, ಆದರೆ ಒಂದು ಅಂಡಾಣು ಅದರ ಕೋಶದೊಳಗೆ ಬೆಳೆದು ಹೊರಬರುವ ಕೊನೆಯ ಹಂತಕ್ಕೂ ಸುಮಾರು ಮೂರು ತಿಂಗಳು ಹಿಡಿಯುತ್ತದೆ. ನಾವು ಸಾಫ್ಟ್‌ವೇರಿನವರು ರಿಲೀಸಿಗೆ ಮುಂಚೆ ಮೂರು ತಿಂಗಳ ಪ್ಲಾನ್ ಹಾಕುವುದಿಲ್ಲವೇ, ಶರೀರವೂ ಹಾಗೇ. ಈ ತಿಂಗಳು ಗರ್ಭ ನಿಂತರೆ, ಅದಕ್ಕೆ ಲೆಕ್ಕಕ್ಕೆ ಬರುವುದು ಕಳೆದ ಮೂರು ತಿಂಗಳ ಊಟ, ನಿದ್ದೆ, ತಂಬಾಕು ಎಲ್ಲವೂ. ಇಬ್ಬರದೂ.

ಇನ್ನೊಂದು ಲೆಕ್ಕ ಇದಕ್ಕಿಂತ ಬಿಗಿಯಾದದ್ದು. ಕೂಸಿನ ಮೆದುಳು ಮತ್ತು ಬೆನ್ನುಹುರಿಯಾಗುವ ನರನಾಳ ಗರ್ಭ ಕಟ್ಟಿದ 28ನೇ ದಿನದ ಹೊತ್ತಿಗೆ ಮುಚ್ಚಿಕೊಂಡುಬಿಡುತ್ತದೆ. ಅಂದರೆ ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ. ಎಷ್ಟೋ ಜನಕ್ಕೆ ಆಗಿನ್ನೂ ಗೊತ್ತೇ ಆಗಿರುವುದಿಲ್ಲ, ಕೆಲಸದ ಒತ್ತಡಕ್ಕೆ ಮುಂದೆ ಹೋಗಿದೆ ಅಂದುಕೊಂಡಿರುತ್ತಾರೆ. ಆ ನಾಳ ಸರಿಯಾಗಿ ಮುಚ್ಚದಿದ್ದರೆ ಬೆನ್ನುಹುರಿಯ ದೋಷದೊಂದಿಗೆ ಮಗು ಹುಟ್ಟುತ್ತದೆ, ಕೆಲವು ಸಲ ಉಳಿಯುವುದೇ ಇಲ್ಲ. ಇದನ್ನು ಬಹುಮಟ್ಟಿಗೆ ತಡೆಯುವುದು ಫೋಲಿಕ್ ಆಮ್ಲ.

ಈ ಫೋಲಿಕ್ ಆಮ್ಲದ ಕಥೆ ಶುರುವಾಗುವುದು ಎಲ್ಲೋ ಅಮೆರಿಕದಲ್ಲಲ್ಲ, ನಾವು ಎಕ್ಸ್‌ಪ್ರೆಸ್‌ವೇ ಹಿಡಿದು ಹೋಗಿಬರುವ ಮುಂಬಯಿಯಲ್ಲಿ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ಡಾಕ್ಟರು ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರಿಗೆ ಒಂದು ಬಗೆಯ ತೀವ್ರ ರಕ್ತಹೀನತೆ ಬರುತ್ತಿತ್ತು, ಸಾಯುವವರೂ ಇದ್ದರು. ಅದು ಸೋಂಕಲ್ಲ, ಊಟದಲ್ಲಿ ಏನೋ ಕಡಿಮೆಯಾಗಿದೆ ಎಂದು ಲೂಸಿ ವಿಲ್ಸ್ ಹಿಡಿದರು. ಯೀಸ್ಟಿನ ಸಾರ ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಅದನ್ನು ಪ್ರಕಟಿಸಿದರು. ಆ ‘ಏನೋ’ಗೆ ಆಗ ಹೆಸರಿರಲಿಲ್ಲ. ಹತ್ತು ವರ್ಷದ ಮೇಲೆ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದರು. ಎಲೆಗೆ ಲ್ಯಾಟಿನ್ನಿನಲ್ಲಿ ಫೋಲಿಯಂ, ಅದರಿಂದ ಫೋಲಿಕ್. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಂದಾಳು ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇಷ್ಟು ನಮ್ಮದೇ ಆದ ಕಥೆ ನಮ್ಮ ಶಾಲೆಯ ಪುಸ್ತಕಗಳಲ್ಲಿ ಯಾಕಿಲ್ಲವೋ!

1991ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಏಳು ದೇಶಗಳಲ್ಲಿ ನಡೆಸಿದ ಅಧ್ಯಯನದ ಫಲಿತಾಂಶ ಬಂತು. ಮೊದಲು ಒಮ್ಮೆ ನರನಾಳದ ದೋಷವಿದ್ದ ಮಗುವನ್ನು ಹೆತ್ತ ತಾಯಂದಿರು ಗರ್ಭ ಕಟ್ಟುವ ಮುಂಚಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡಾಗ, ಅದು ಮರುಕಳಿಸುವುದು ಶೇಕಡಾ 72ರಷ್ಟು ಕಡಿಮೆಯಾಯಿತು. ಅಷ್ಟು ದೊಡ್ಡ ಪರಿಣಾಮ ಊಟ-ಪೋಷಣೆಯ ಸಂಶೋಧನೆಯಲ್ಲಿ ಕಾಣುವುದು ಬಹಳ ಅಪರೂಪ. ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟು: ಮಗು ಬೇಕೆಂದು ಪ್ರಯತ್ನ ಶುರು ಮಾಡಿದ ದಿನದಿಂದ ಹಿಡಿದು ಗರ್ಭದ 12 ವಾರದವರೆಗೆ ದಿನಕ್ಕೆ 400 ಮೈಕ್ರೊಗ್ರಾಂ. ನಮ್ಮ ಮೆಡಿಕಲ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 5 ಮಿಲಿಗ್ರಾಂ ಮಾತ್ರೆ, ಅದು ಇದರ ಹನ್ನೆರಡು ಪಟ್ಟಿಗೂ ಹೆಚ್ಚು. ಸಕ್ಕರೆ ಕಾಯಿಲೆ ಇರುವವರು, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು, ಹಿಂದೆ ಇಂಥ ಮಗು ಹುಟ್ಟಿದವರು, ಇಂಥವರಿಗೆ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ಆದ್ದರಿಂದ ಯಾವ ಮಾತ್ರೆ, ಎಷ್ಟು ಎನ್ನುವುದನ್ನು ಅಂಗಡಿಯವನನ್ನಲ್ಲ, ಡಾಕ್ಟರನ್ನು ಕೇಳಿ.

ಮಾತ್ರೆಯ ಜೊತೆಗೆ ತಟ್ಟೆಯಲ್ಲೂ ಇರಲಿ. ಪಾಲಕ್, ಮೆಂತ್ಯ, ರಾಜಗಿರಿ, ಹೆಸರುಕಾಳು, ಕಡಲೆಕಾಳು, ಅಲಸಂದೆ, ಶೇಂಗಾ ಎಲ್ಲದರಲ್ಲೂ ಇದೆ. ಆದರೆ ಇದು ನೀರಿನಲ್ಲಿ ಕರಗುವ, ಬಹಳ ಬೇಯಿಸಿದರೆ ಹೋಗುವ ವಿಟಮಿನ್. ಸೊಪ್ಪು ಕುದಿಸಿ ನೀರು ಬಸಿದು ಸಿಂಕಿಗೆ ಚೆಲ್ಲಿದರೆ ಬಹುಪಾಲು ಅಲ್ಲೇ ಹೋಯಿತು. ಹಳೇ ಮೈಸೂರಿನ ಕಡೆಯವರು ಆ ಬಸಿದ ನೀರಿನಲ್ಲೇ ಬಸ್ಸಾರು ಮಾಡುತ್ತಾರಲ್ಲ, ಅದು ಜಾಣ ಅಡುಗೆ. ನಮ್ಮ ಧಾರವಾಡ, ವಿಜಯಪುರದ ಕಡೆ ರೊಟ್ಟಿಯ ಜೊತೆ ಹಸಿ ಮೆಂತ್ಯದ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ ಕಡಿಯುವುದೂ ಅಷ್ಟೇ ಒಳ್ಳೆಯದು, ಚೆನ್ನಾಗಿ ತೊಳೆದುಕೊಂಡರೆ.

ಈಗ ಪುಣೆಗೆ ಬರೋಣ. ನಮ್ಮಲ್ಲಿ ಬಹಳ ಜನ ಸಸ್ಯಾಹಾರಿಗಳು, ಆದ್ದರಿಂದ ಈ ಭಾಗ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದೇ ಊರಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1993ರಲ್ಲಿ ಪುಣೆಯ ಹತ್ತಿರದ ಆರು ಹಳ್ಳಿಗಳ ಹೆಂಗಸರನ್ನು ಬಸುರಿಗೂ ಮುಂಚಿನಿಂದ ಗಮನಿಸುತ್ತ ಬಂದಿತು. ಹುಟ್ಟಿದ ಮಕ್ಕಳನ್ನೂ ದೊಡ್ಡವರಾಗುವವರೆಗೆ ಬಿಡದೆ ನೋಡಿತು. ಆ ತಾಯಂದಿರಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಬಿ12 ಕಡಿಮೆ ಇತ್ತು. ಫೋಲೇಟ್ ಮಾತ್ರ ಬಹುತೇಕ ಎಲ್ಲರಿಗೂ ಸಾಕಷ್ಟಿತ್ತು, ಸೊಪ್ಪು ಕಾಳು ತಿನ್ನುವವರಲ್ಲವೇ. 2008ರಲ್ಲಿ ಅವರು ಪ್ರಕಟಿಸಿದ ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು: ಫೋಲೇಟ್ ಹೆಚ್ಚಿದ್ದು ಬಿ12 ಕಡಿಮೆ ಇದ್ದ ತಾಯಂದಿರ ಮಕ್ಕಳಲ್ಲಿ, ಆರು ವರ್ಷದ ಹೊತ್ತಿಗೇ, ಇನ್ಸುಲಿನ್ ಪ್ರತಿರೋಧ ಎಲ್ಲರಿಗಿಂತ ಹೆಚ್ಚಾಗಿತ್ತು. ಇನ್ಸುಲಿನ್ ಪ್ರತಿರೋಧ ಅಂದರೆ ಮುಂದೆ ಸಕ್ಕರೆ ಕಾಯಿಲೆಗೆ ಹೋಗುವ ದಾರಿ. ಫೋಲಿಕ್ ಮಾತ್ರೆಯೊಂದನ್ನೇ ನುಂಗಿ ನಿಶ್ಚಿಂತೆಯಿಂದ ಇರಬೇಡಿ ಎನ್ನುವುದು ಇದಕ್ಕಾಗಿ. ಇನ್ನೊಂದು ಅಪಾಯವೂ ಇದೆ. ಬಿ12 ಕೊರತೆಯಿಂದ ಬರುವ ರಕ್ತಹೀನತೆಯನ್ನು ಹೆಚ್ಚು ಫೋಲಿಕ್ ಆಮ್ಲ ಮುಚ್ಚಿಡುತ್ತದೆ, ಒಳಗೊಳಗೇ ನರಗಳಿಗೆ ಆಗುವ ಹಾನಿ ಮುಂದುವರಿಯುತ್ತದೆ.

ಬಿ12 ಯಾವ ಸೊಪ್ಪಿನಲ್ಲೂ ಇಲ್ಲ, ಯಾವ ಕಾಳಿನಲ್ಲೂ ಇಲ್ಲ. ನುಗ್ಗೆಯಲ್ಲಿ ಇಲ್ಲ, ರಾಗಿಯಲ್ಲಿ ಇಲ್ಲ. ಸ್ಪಿರುಲಿನಾ ಎಂದು ಡಬ್ಬಿಯಲ್ಲಿ ಮಾರುವುದರಲ್ಲಿ ಇರುವುದು ನಮ್ಮ ಮೈಗೆ ಉಪಯೋಗಕ್ಕೆ ಬಾರದ ರೂಪದ್ದು. ಹಾಲು, ಮೊಸರು, ಪನೀರ್, ಮೊಟ್ಟೆ, ಮೀನು, ಮಾಂಸ, ಇವುಗಳಲ್ಲಿ ಮಾತ್ರ ಇದೆ. ‘ನಾವು ದಿನಾ ಹಾಲು ಕುಡೀತೀವಿ’ ಎಂದು ಹೇಳುವ ಮನೆಗಳಲ್ಲಿ ಸೊಸೆಯ ಪಾಲಿಗೆ ಬರುವುದು ಎರಡು ಕಪ್ ಚಹಾದ ಹಾಲು. ಅದು ಸಾಲದು. ನನ್ನದೇ ವರದಿಯಲ್ಲಿ ಬಿ12 140 ಇತ್ತು, ಲ್ಯಾಬಿನವರ ಕೆಳಮಿತಿ 200ರ ಮೇಲೆ. ಮೂರು ವರ್ಷದಿಂದ ಸುಸ್ತು, ಕಾಲು ಜುಮ್ಮೆನ್ನುವುದು, ಎಲ್ಲವನ್ನೂ ಪ್ರಾಜೆಕ್ಟ್ ಡೆಡ್‌ಲೈನಿನ ಮೇಲೆ ಹಾಕಿಕೊಂಡು ಬಂದಿದ್ದೆ.

ಪಿಸಿಓಎಸ್ ಇರುವ ಹುಡುಗಿಯರು ಇದನ್ನು ವಿಶೇಷವಾಗಿ ಕೇಳಿಸಿಕೊಳ್ಳಿ. ನಿಮಗೆ ಮೆಟ್‌ಫಾರ್ಮಿನ್ ಮಾತ್ರೆ ಬರೆದಿರಬಹುದು. ಒಳ್ಳೆಯ ಮಾತ್ರೆಯೇ. ಆದರೆ ಅದನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಎಸಿಡಿಟಿಗೆಂದು ದಿನಾ ಬೆಳಿಗ್ಗೆ ನುಂಗುವ ಮಾತ್ರೆಯೂ ಹಾಗೇ. ಸಸ್ಯಾಹಾರಿ, ಜೊತೆಗೆ ಮೆಟ್‌ಫಾರ್ಮಿನ್, ಜೊತೆಗೆ ಎಸಿಡಿಟಿ ಮಾತ್ರೆ. ಈ ಮೂರೂ ಸೇರಿದ ಹುಡುಗಿಯರು ಈ ಸಭೆಯಲ್ಲೇ ಹಲವರು ಇರಬಹುದು. ಒಂದು ರಕ್ತಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ತುಂಬಿಸಿಕೊಳ್ಳುವುದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ.

ಕಬ್ಬಿಣಾಂಶದ ಬಗ್ಗೆ ನಿಮಗೆಲ್ಲ ಗೊತ್ತಿರುವುದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಶೇಕಡಾ 57 ಜನರಿಗೆ ರಕ್ತಹೀನತೆ ಇತ್ತು, ಗಂಡಸರಲ್ಲಿ ಶೇಕಡಾ 25. ಐಸಿಎಂಆರ್ 2020ರ ಪಟ್ಟಿಯಂತೆ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು, ಗಂಡಸಿಗೆ 19. ಬೇಕಾಗಿರುವುದು ಹೆಚ್ಚು ಅವಳಿಗೆ, ಬಡಿಸಿಕೊಳ್ಳುವುದು ಕೊನೆಗೆ ಅವಳು. ಎಲ್ಲರ ಊಟ ಆದ ಮೇಲೆ ಪಾತ್ರೆಯಲ್ಲಿ ತಳ ಹಿಡಿದ ಪಲ್ಯ ಅವಳ ಪಾಲು. ಇದಕ್ಕೆ ಯಾವ ಮಾತ್ರೆಯೂ ಬೇಕಾಗಿಲ್ಲ, ಒಟ್ಟಿಗೆ ಕುಳಿತು ಊಟ ಮಾಡಿದರೆ ಸಾಕು. ಊಟವಾದ ಕೂಡಲೇ ಚಹಾ ಬೇಡ, ಅದು ಕಬ್ಬಿಣವನ್ನು ಹೀರಲು ಬಿಡುವುದಿಲ್ಲ, ಒಂದು ತಾಸು ತಡೆಯಿರಿ. ಕೋಸಂಬರಿಗೆ ನಿಂಬೆಹಣ್ಣು ಹಿಂಡುತ್ತೇವಲ್ಲ, ಅದರ ಸಿ ವಿಟಮಿನ್ ಬೇಳೆಯ, ಸೊಪ್ಪಿನ ಕಬ್ಬಿಣವನ್ನು ಹೆಚ್ಚು ಹೀರಿಕೊಳ್ಳುವಂತೆ ಮಾಡುತ್ತದೆ. ಪುಂಡಿ ಪಲ್ಯದ ಜೊತೆ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಮೇಲೊಂದು ನಿಂಬೆಯ ಹೋಳು ಇದ್ದರೆ ಊಟದ ಬಗ್ಗೆ ಹೆಚ್ಚು ಚಿಂತೆ ಮಾಡಬೇಕಾಗಿಲ್ಲ.

ಉಪ್ಪಿನದೊಂದು ಮಾತು. ಈಚೆಗೆ ಎಲ್ಲರ ಮನೆಯಲ್ಲೂ ಗುಲಾಬಿ ಬಣ್ಣದ ಹಿಮಾಲಯದ ಉಪ್ಪು, ಸೈಂಧವ ಲವಣ. ಅವುಗಳಲ್ಲಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಥೈರಾಯ್ಡ್ ಏರುಪೇರಾದರೆ ಮುಟ್ಟು ಏರುಪೇರಾಗುತ್ತದೆ, ಗರ್ಭ ನಿಲ್ಲುವುದೂ ಕಷ್ಟ. ಹುಟ್ಟುವ ಮಗುವಿನ ಮೆದುಳಿಗೂ ಅಯೋಡಿನ್ ಬೇಕೇ ಬೇಕು. ನಿತ್ಯದ ಅಡುಗೆಗೆ ಅಯೋಡಿನ್ ಇರುವ ಸಾದಾ ಉಪ್ಪೇ ಇರಲಿ.

ಇದೆಲ್ಲ ಸರಿ, ಆದರೆ ಹೀಗೆ ತಿಂದರೆ ನಿಜಕ್ಕೂ ಫಲ ಇದೆಯೇ ಎಂದು ಯಾರಾದರೂ ಪರೀಕ್ಷೆ ಮಾಡಿದ್ದಾರೆಯೇ? ಮಾಡಿದ್ದಾರೆ, ಅದೂ ಮುಂಬಯಿಯಲ್ಲಿ. 2006ರಲ್ಲಿ ಅಲ್ಲಿಯ ಕೊಳೆಗೇರಿಗಳ ಆರು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ‘ಸರಸ್’ ಎಂಬ ಪ್ರಯೋಗ ಶುರುವಾಯಿತು. ಅರ್ಧ ಜನಕ್ಕೆ ಹಸಿರು ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ತಿಂಡಿ, ಉಳಿದವರಿಗೆ ಆಲೂಗಡ್ಡೆ, ಉಳ್ಳಾಗಡ್ಡಿಯಂಥ ತರಕಾರಿಯ ತಿಂಡಿ. ದಿನಾ ಒಂದು ಕೇಂದ್ರಕ್ಕೆ ಬಂದು ತಿಂದು ಹೋಗುವುದು, ಬಸುರಾಗುವ ಮುಂಚಿನಿಂದಲೇ. ಒಟ್ಟಾರೆ ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ಗರ್ಭ ಕಟ್ಟುವುದಕ್ಕೆ ಮೂರು ತಿಂಗಳಾದರೂ ಮೊದಲು ತಿನ್ನಲು ಶುರು ಮಾಡಿದವರನ್ನು ಮಾತ್ರ ನೋಡಿದಾಗ ಮಕ್ಕಳ ತೂಕ ಸರಾಸರಿ 48 ಗ್ರಾಂ ಹೆಚ್ಚಿತ್ತು. ಇನ್ನೂ ಮುಖ್ಯವಾಗಿ, ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ ಒಂದು ಗುಂಪಿನಲ್ಲಿ ನೂರಕ್ಕೆ 12ರಷ್ಟಿದ್ದರೆ, ಸೊಪ್ಪು-ಹಣ್ಣು-ಹಾಲಿನ ಗುಂಪಿನಲ್ಲಿ 7ರಷ್ಟಿತ್ತು. ತೀರಾ ತೆಳ್ಳಗಿದ್ದ ತಾಯಂದಿರಿಗೆ ಮಾತ್ರ ತೂಕದ ಲಾಭ ಕಾಣಲಿಲ್ಲ. ವರ್ಷಾನುಗಟ್ಟಲೆ ಹಸಿದ ಮೈಯನ್ನು ಸಂಜೆಯ ಒಂದು ತಿಂಡಿ ಸರಿಮಾಡದು. ಆದರೂ ಒಂದು ಬಜ್ಜಿಯಷ್ಟು ಸೊಪ್ಪಿಗೆ ಇಷ್ಟು ಫಲ ಬಂದರೆ ಅದು ಕಡಿಮೆಯಲ್ಲ.

ಗರ್ಭ ನಿಲ್ಲುವುದರ ಬಗ್ಗೆ ಹೆಚ್ಚು ಹೆಸರಾದದ್ದು ಅಮೆರಿಕದ ನರ್ಸುಗಳ ಅಧ್ಯಯನ. 17 ಸಾವಿರಕ್ಕೂ ಹೆಚ್ಚು ನರ್ಸುಗಳ ಊಟವನ್ನು ಎಂಟು ವರ್ಷ ಗಮನಿಸಿ 2007ರಲ್ಲಿ ಪ್ರಕಟಿಸಿದರು. ವನಸ್ಪತಿಯಂಥ ಟ್ರಾನ್ಸ್ ಕೊಬ್ಬು ಕಡಿಮೆ, ಮಾಂಸಕ್ಕಿಂತ ಬೇಳೆಕಾಳಿನ ಪ್ರೋಟೀನ್ ಹೆಚ್ಚು, ಮೈದಾಕ್ಕಿಂತ ಇಡಿ ಧಾನ್ಯ, ಕೆನೆ ತೆಗೆಯದ ಹಾಲು, ಸ್ವಲ್ಪ ವ್ಯಾಯಾಮ. ಹೀಗೆ ಬದುಕಿದವರಲ್ಲಿ ಅಂಡೋತ್ಪತ್ತಿಯ ತೊಂದರೆಯಿಂದ ಬರುವ ಬಂಜೆತನ ಬಹಳ ಕಡಿಮೆ ಇತ್ತು. ಗಮನಿಸಿ, ಅಂಡೋತ್ಪತ್ತಿಯ ತೊಂದರೆ ಮಾತ್ರ. ಮತ್ತೆ, ಇದು ಗಮನಿಸಿ ನೋಡಿದ ಲೆಕ್ಕ, ಹೀಗೆ ತಿನ್ನಿರಿ ಎಂದು ಹೇಳಿ ತಿನ್ನಿಸಿದ ಪ್ರಯೋಗವಲ್ಲ. ಆದರೂ ನಮ್ಮ ಅಜ್ಜಿಯರ ಕಾಲದ ಊಟಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ನಮ್ಮ ಈಗಿನ ಊಟಕ್ಕೆ: ಆಫೀಸ್ ಕ್ಯಾಂಟೀನಿನ ಪಾವ್, ಸಂಜೆ ಬೇಕರಿಯ ಖಾರಿ, ರಾತ್ರಿ ಹತ್ತೂವರೆಗೆ ಅಮೆರಿಕದ ಕಾಲ್ ಮುಗಿಸಿ ಆರ್ಡರ್ ಮಾಡಿದ ನೂಡಲ್ಸ್.

ತೂಕದ ವಿಷಯ ಸೂಕ್ಷ್ಮ, ಆದರೂ ಬಿಡುವಂತಿಲ್ಲ. ಪಿಸಿಓಎಸ್ ಇದ್ದು ತೂಕ ಹೆಚ್ಚಿರುವವರಲ್ಲಿ, ತೂಕದ ಶೇಕಡಾ 5ರಿಂದ 10ರಷ್ಟು ಇಳಿಸಿದರೂ ಎಷ್ಟೋ ಜನರ ಮುಟ್ಟು ತಾನಾಗಿ ಸರಿದಾರಿಗೆ ಬರುತ್ತದೆ. 70 ಕಿಲೊ ಇರುವವರಿಗೆ ಅದು ಮೂರೂವರೆಯಿಂದ ಏಳು ಕಿಲೊ. ಸಿನಿಮಾ ನಟಿಯಂತೆ ಆಗಬೇಕಾಗಿಲ್ಲ. ಇದರ ಇನ್ನೊಂದು ತುದಿಯೂ ಇದೆ. ಮದುವೆಯ ಫೋಟೋಗೆಂದು ಎರಡು ತಿಂಗಳು ಬರೀ ಸೂಪು, ಸಲಾಡ್ ತಿಂದ ಹುಡುಗಿಗೆ ಮುಟ್ಟು ನಿಂತುಹೋಗುವುದುಂಟು. ಮೈಯಲ್ಲಿ ಸಾಕಷ್ಟು ಆಹಾರ ಇಲ್ಲ ಎಂದು ಮೆದುಳಿಗೆ ಅನ್ನಿಸಿದರೆ ಅದು ಮೊದಲು ನಿಲ್ಲಿಸುವುದೇ ಅಂಡೋತ್ಪತ್ತಿಯನ್ನು. 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಬರ ಬಿದ್ದಾಗ, ಒಂಬತ್ತು ತಿಂಗಳ ನಂತರ ಅಲ್ಲಿಯ ಹೆರಿಗೆಗಳು ಅರ್ಧದಷ್ಟಕ್ಕೆ ಇಳಿದಿದ್ದವು. ನಮ್ಮ ವಾರದ ಮೂರು ಉಪವಾಸ ಬರಗಾಲವಲ್ಲ, ಗೊತ್ತು. ಆದರೆ ಮೊದಲೇ 42 ಕಿಲೊ ಇರುವ ಹುಡುಗಿಗೆ ಅದು ಹತ್ತಿರ ಹತ್ತಿರವೇ.

ಈಗ ಹಿಂದಿನ ಸಾಲಿಗೆ. ಮಗು ಆಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಆದರೆ ಪರೀಕ್ಷೆ ಶುರುವಾಗುವುದು ಹೆಂಗಸಿನಿಂದ. ನಾವು ಮೊದಲು ಹೋಗುತ್ತಿದ್ದ ಕಡೆ ಹದಿನಾಲ್ಕು ತಿಂಗಳು ನನ್ನ ಮೇಲೆಯೇ ಎಲ್ಲ ಪರೀಕ್ಷೆ ನಡೆಯಿತು, ನೋವಿನ ಟ್ಯೂಬ್ ಪರೀಕ್ಷೆಯೂ ಸೇರಿ. ಜೊತೆಗೆ ತಿಂಗಳಿಗೆ ಒಂದು ಪೌಷ್ಟಿಕ ಪುಡಿಯ ದುಬಾರಿ ಡಬ್ಬಿ. ಬೇರೆ ಡಾಕ್ಟರ ಹತ್ತಿರ ಹೋದಾಗ ಅವರು ಮೊದಲ ದಿನವೇ ಕೇಳಿದ್ದು, ‘ಇವರ ವೀರ್ಯ ಪರೀಕ್ಷೆ ಎಲ್ಲಿ?’ ಎಂದು. ಎರಡು ದಿನದಲ್ಲಿ ವರದಿ ಬಂತು, ಸಂಖ್ಯೆ ಬಹಳ ಕಡಿಮೆ ಇತ್ತು. ಇದನ್ನು ಇಲ್ಲಿ ಹೇಳುತ್ತೇನೆಂದು ನಮ್ಮ ಯಜಮಾನರಿಗೆ ತಿಳಿಸಿಯೇ ಬಂದಿದ್ದೇನೆ. ‘ಹೇಳು, ಇನ್ನೊಬ್ಬನಾದರೂ ಬೇಗ ಪರೀಕ್ಷೆ ಮಾಡಿಸಿಕೊಳ್ಳಲಿ’ ಅಂದರು.

ಗಂಡಸರ ಊಟವೂ ಅದೇ ಊಟ, ಸೊಪ್ಪು, ಕಾಳು, ಹಣ್ಣು, ಹಾಲು, ಒಂದು ಹಿಡಿ ಶೇಂಗಾ ಅಥವಾ ಅಕ್ರೋಟ. ಅದಕ್ಕಿಂತ ಮುಖ್ಯ, ಬಿಡಬೇಕಾದ್ದನ್ನು ಬಿಡುವುದು. ಸಿಗರೇಟು, ಗುಟ್ಕಾ, ತಂಬಾಕು, ಮಿತಿಮೀರಿದ ಮದ್ಯ ವೀರ್ಯಾಣುವಿಗೆ ನೇರ ಹೊಡೆತ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಗಂಟೆಗಟ್ಟಲೆ ಕೂತರೆ ಅಲ್ಲಿಯ ಬಿಸಿ ಏರುತ್ತದೆ, ಮೇಜಿನ ಮೇಲಿಡಿ. ಜಿಮ್ಮಿನಲ್ಲಿ ಮೈ ಬೆಳೆಸಲು ಟೆಸ್ಟೊಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುವ ಹುಡುಗರು ಈಗ ಹೆಚ್ಚಾಗಿದ್ದಾರೆ. ಗಂಡಸುತನ ಹೆಚ್ಚಿಸುತ್ತದೆ ಎಂದು ಕೊಡುವ ಅದೇ ಇಂಜೆಕ್ಷನ್ ವೀರ್ಯಾಣುವಿನ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಇನ್ನು ಜಿಂಕ್ ಮಾತ್ರೆ. 2,370 ದಂಪತಿಗಳನ್ನು ತೆಗೆದುಕೊಂಡು ಗಂಡಂದಿರಿಗೆ ಆರು ತಿಂಗಳು ಜಿಂಕ್ ಮತ್ತು ಫೋಲಿಕ್ ಆಮ್ಲ ಕೊಟ್ಟು ನೋಡಿದರು, 2020ರಲ್ಲಿ ಫಲಿತಾಂಶ ಬಂತು. ಸುಳ್ಳು ಮಾತ್ರೆ ನುಂಗಿದವರಿಗೂ ಇವರಿಗೂ ಮಕ್ಕಳಾಗುವುದರಲ್ಲಿ ವ್ಯತ್ಯಾಸವಿರಲಿಲ್ಲ. ಹೊಟ್ಟೆ ಕೆಡುವುದು ಮಾತ್ರ ಇವರಿಗೆ ಹೆಚ್ಚಿತ್ತು.

ಆದ್ದರಿಂದ ಊಟಕ್ಕೆ ಏನು ಆಗದು ಎನ್ನುವುದನ್ನೂ ಗಟ್ಟಿಯಾಗಿ ಹೇಳಬೇಕು. ಮುಚ್ಚಿಹೋದ ಗರ್ಭನಾಳವನ್ನು ಯಾವ ಸೊಪ್ಪೂ ತೆರೆಯಿಸದು. ವೀರ್ಯದಲ್ಲಿ ವೀರ್ಯಾಣುವೇ ಇಲ್ಲದಿದ್ದರೆ ಬಾದಾಮಿ ಹಾಲು ಅದನ್ನು ತರದು. ವಯಸ್ಸನ್ನಂತೂ ಯಾವುದೂ ಹಿಂದಕ್ಕೆ ಒಯ್ಯದು. ನಮ್ಮ ಕ್ಷೇತ್ರದಲ್ಲಿ ಮೂವತ್ತಕ್ಕೆ ಮದುವೆ, ಮೂವತ್ಮೂರಕ್ಕೆ ಫ್ಲ್ಯಾಟು, ಆಮೇಲೆ ಮಗುವಿನ ಯೋಚನೆ. 35ರೊಳಗಿನವರು ಒಂದು ವರ್ಷ, ದಾಟಿದವರು ಆರೇ ತಿಂಗಳು ಪ್ರಯತ್ನಿಸಿ ಡಾಕ್ಟರನ್ನು ಕಾಣಬೇಕು. ‘ಮೊದಲು ಡಯಟ್ ಮಾಡಿ ನೋಡೋಣ’ ಎಂದು ಎರಡು ವರ್ಷ ಕಳೆಯುವುದು ಬೇಡ. ಮೊಳಕೆ ಕಾಳು, ಅಗಸೆ ಬೀಜ, ಎಳ್ಳು ಎಲ್ಲ ಒಳ್ಳೆಯವೇ, ತಿನ್ನಿ. ಇಂಥ ದಿನ ಇಂಥ ಬೀಜ ತಿಂದರೆ ಹಾರ್ಮೋನ್ ಸರಿಯಾಗುತ್ತದೆ ಎನ್ನುವ ಇನ್‌ಸ್ಟಾಗ್ರಾಂ ಲೆಕ್ಕಕ್ಕೆ ಮಾತ್ರ ಗಟ್ಟಿ ಆಧಾರವಿಲ್ಲ.

ನಮಗೆ ಈಗ ಎರಡೂವರೆ ವರ್ಷದ ಮಗಳಿದ್ದಾಳೆ. ಅವಳು ಐವಿಎಫ್‌ನ ಎರಡನೇ ಸುತ್ತಿನಲ್ಲಿ ಬಂದವಳು. ನಾನು ಬಿ12 ತುಂಬಿಸಿಕೊಂಡಿದ್ದೆ, ಯಜಮಾನರು ಸಿಗರೇಟು ಬಿಟ್ಟು ಒಂಬತ್ತು ತಿಂಗಳಾಗಿತ್ತು, ಇಬ್ಬರೂ ಒಟ್ಟಿಗೆ ಕುಳಿತು ಊಟ ಮಾಡುತ್ತಿದ್ದೆವು. ಅದರಿಂದಲೇ ಆಯಿತೇ? ಹಾಗೆಂದು ಹೇಳಲಾರೆ. ಒಳ್ಳೆಯ ಊಟ ಮಾಡಿಯೂ ಮಗುವಾಗದವರು ಈ ಸಭೆಯಲ್ಲೇ ಇರಬಹುದು. ಅವರ ಊಟದಲ್ಲಿ ತಪ್ಪು ಹುಡುಕಲು ಯಾರೂ ಹೋಗಬೇಡಿ. ‘ಪಪ್ಪಾಯಿ ತಿಂದಿದ್ದಿಯಾ?’, ‘ಜಂಕ್ ಫುಡ್ಡೇ ಕಾರಣ’ ಎನ್ನುವ ಮಾತುಗಳು ಆಕೆಗೆ ಎಷ್ಟು ಸಲ ಕೇಳಿಸಿವೆಯೋ. ಬಸುರಾಗುವ ಮುಂಚೆ ಹಣ್ಣಾದ ಪಪ್ಪಾಯಿ ತಿಂದದ್ದಕ್ಕೆ ಯಾರಿಗೂ ಮಕ್ಕಳು ತಪ್ಪಿಲ್ಲ.

ಅತ್ತೆಯಂದಿರು, ಮೌಶಿಯರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ನಿಮ್ಮಲ್ಲಿ ಒಂದು ಕೋರಿಕೆ. ‘ಏನಾದ್ರೂ ವಿಶೇಷ ಐತೇನವಾ?’ ಎಂದು ಸೊಸೆಯನ್ನು ಫೋನಿನಲ್ಲಿ ಪ್ರತಿ ತಿಂಗಳು ಕೇಳುವ ಬದಲು, ಊರಿನಿಂದ ಬರುವಾಗ ಒಂದು ಡಬ್ಬಿ ಅಗಸಿ ಹಿಂಡಿ, ಒಂದು ಡಬ್ಬಿ ಶೇಂಗಾ ಚಟ್ನಿ, ರಾಜಗಿರಿ ಉಂಡಿ ತನ್ನಿ, ಮಗ-ಸೊಸೆ ಇಬ್ಬರಿಗೂ. ಅಂಟಿನ ಉಂಡಿಗೆ ಮಗು ಹುಟ್ಟುವವರೆಗೆ ಕಾಯಬೇಕಾಗಿಲ್ಲ.

ಉಪವಾಸ ಬಿಡಲು ಮನಸ್ಸು ಒಪ್ಪದವರಿಗೆ ಒಂದು ಮಾತು. ವಾರಕ್ಕೆ ಒಂದೇ ದಿನ ಇಟ್ಟುಕೊಳ್ಳಿ. ಆ ದಿನ ಸಾಬೂದಾಣಿಯ ಬದಲು ರಾಜಗಿರಿ ಹಿಟ್ಟಿನ ಥಾಲಿಪೆಟ್ಟು ಮಾಡಿ, ಅದಕ್ಕೆ ಶೇಂಗಾ ಪುಡಿ ಸೇರಿಸಿ. ಎರಡು ಬಟ್ಟಲು ಮೊಸರು, ಒಂದು ದೊಡ್ಡ ಲೋಟ ಹಾಲು, ಖರ್ಜೂರ, ಪೇರಲಹಣ್ಣು. ಚಹಾ ಎರಡಕ್ಕೆ ನಿಲ್ಲಲಿ. ಹೀಗೆ ಮಾಡಿದರೆ ವ್ರತವೂ ನಡೆಯುತ್ತದೆ, ಹೊಟ್ಟೆಯೂ ತುಂಬಿರುತ್ತದೆ. ಡಾಕ್ಟರ ಹತ್ತಿರ ಹೋದಾಗ ಹಿಮೋಗ್ಲೋಬಿನ್, ಬಿ12, ಥೈರಾಯ್ಡ್, ಸಕ್ಕರೆ, ಡಿ ವಿಟಮಿನ್ ಪರೀಕ್ಷೆಯ ಬಗ್ಗೆ ಕೇಳಿ. ಗಂಡನ ವೀರ್ಯ ಪರೀಕ್ಷೆ ಅದೇ ವಾರವೇ ಆಗಲಿ.

ಇನ್ನು ಪ್ರಶ್ನೆಗಳು. ಎಲ್ಲರ ಮುಂದೆ ಕೇಳಲು ಸಂಕೋಚವಿದ್ದರೆ ಬಾಗಿಲ ಹತ್ತಿರದ ಮೇಜಿನ ಮೇಲೆ ಚೀಟಿ ಮತ್ತು ಪೆನ್ನು ಇಟ್ಟಿದ್ದೇವೆ, ಹೆಸರು ಬರೆಯಬೇಕಾಗಿಲ್ಲ. ಗಂಡಸರೂ ಬರೆಯಬಹುದು.